ಎಲ್ಲ ಮಕ್ಕಳ ಕ್ರೀಡಾಕೂಟ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

 

ಶಿಕ್ಷಣದ ಮಹತ್ವದ ಬಗ್ಗೆ ಎರಡು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದ್ದರು. ಆ ಮಹತ್ವ ಗೊತ್ತಿಲ್ಲದವರು ಈ ಸಭೆಗೆ ಬರುತ್ತಿರಲಿಲ್ಲ. ಆದ್ದರಿಂದ ಅವರ ಅನುಮತಿ ಕೇಳಿ ಬೇರೆ ವಿಷಯ ತೆಗೆದುಕೊಂಡಿದ್ದೇನೆ. ಈ ಸಲದ ಅರ್ಜಿಗಳಲ್ಲಿ ಕೆಲವು ಅಂಗವಿಕಲ ಮಕ್ಕಳದ್ದೂ ಇವೆ ಎಂದು ಅವರು ಹೇಳಿದಾಗ, ಶಾಲೆಯ ವಾರ್ಷಿಕ ಕ್ರೀಡಾಕೂಟದ ದಿನ ಆ ಮಕ್ಕಳು ಎಲ್ಲಿರುತ್ತಾರೆ ಎಂಬುದರ ಬಗ್ಗೆ ಮಾತಾಡಬೇಕೆನಿಸಿತು.

ನಾನು ಪಿ.ಟಿ. ಟೀಚರ್ ಅಲ್ಲ, ಗಣಿತ ಕಲಿಸಿದವಳು. ನಮ್ಮ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಹಲವು ವರ್ಷ ಖಾಲಿ ಇತ್ತು. ಮೈದಾನಕ್ಕೆ ಗೆರೆ ಹಾಕಲು ಅಳತೆ ಗೊತ್ತಿರುವವರು ಬೇಕಲ್ಲ, ಹಾಗಾಗಿ ಸುಣ್ಣದ ಪುಡಿಯ ಬಕೆಟ್ ನನ್ನ ಕೈಗೆ ಬಂತು. ಬಂದದ್ದು ಹದಿಮೂರು ವರ್ಷ ಅಲ್ಲೇ ಉಳಿಯಿತು.

ಮೊದಲನೆಯ ವರ್ಷದ ಒಂದು ಘಟನೆ ಹೇಳುತ್ತೇನೆ. ತಪ್ಪು ನನ್ನದೇ. ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಕಾಲು ಸಣ್ಣದು, ಮೊಣಕಾಲಿನ ಮೇಲೆ ಕೈ ಊರಿ ನಡೆಯುತ್ತಿದ್ದ. ಕ್ರೀಡಾಕೂಟದ ದಿನ ಅವನನ್ನು ಏನು ಮಾಡುವುದೆಂದು ನನಗೆ ತೋಚಲಿಲ್ಲ. "ನೀನು ಇಲ್ಲಿ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ, ಬ್ಯಾಗು ನೋಡಿಕೋ ಮಗಾ" ಎಂದೆ. ಜವಾಬ್ದಾರಿಯ ಕೆಲಸ ಕೊಟ್ಟೆನೆಂದು ನನಗೆ ಸಮಾಧಾನವೂ ಆಗಿತ್ತು. ಮಧ್ಯಾಹ್ನ ಅವನ ತಾಯಿ ಗೇಟಿನ ಹತ್ತಿರ ನಿಂತಿದ್ದರು. "ಟೀಚರೇ, ಅವನ ಆಟ ಮುಗಿಯಿತಾ? ನಾನು ಬರುವಾಗ ತಡವಾಯಿತು" ಎಂದು ಕೇಳಿದರು. ಹುಡುಗ ಮನೆಯಲ್ಲಿ ತನಗೂ ಒಂದು ಆಟ ಇದೆ ಎಂದು ಹೇಳಿದ್ದ. ಬಿಳಿ ಸಮವಸ್ತ್ರ ಒಗೆಸಿ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ನಾನು ಆ ತಾಯಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಉತ್ತರವೇ ಕೊಡಲಿಲ್ಲವೋ ಏನೋ.

ಮರುವರ್ಷ ಏನಾದರೂ ಮಾಡಬೇಕೆಂದು ಹೊರಟು ಇನ್ನೊಂದು ತಪ್ಪು ಮಾಡಿದೆ. ಶಾಲೆಯಲ್ಲಿದ್ದ ಅಂಗವಿಕಲ ಮಕ್ಕಳನ್ನೆಲ್ಲ ಒಟ್ಟಿಗೆ ನಿಲ್ಲಿಸಿ 'ವಿಶೇಷ ಓಟ' ಎಂದು ಒಂದು ಸ್ಪರ್ಧೆ ಇಟ್ಟೆ. ಆ ಸಾಲಿನಲ್ಲಿ ಯಾರೆಲ್ಲ ಇದ್ದರು ಗೊತ್ತೇ? ಕಿವಿ ಕೇಳದ, ಜಿಂಕೆಯ ಹಾಗೆ ಓಡುವ ಏಳನೆಯ ತರಗತಿಯ ಹುಡುಗಿ. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ. ಡೌನ್ ಸಿಂಡ್ರೋಮ್ ಇರುವ ಒಂದು ಪುಟ್ಟ ಮಗು. ಕಾಲು ಸಣ್ಣದಿದ್ದ ನಮ್ಮ ಹುಡುಗ. ಕಿವಿ ಕೇಳದ ಹುಡುಗಿ ಗೆರೆ ದಾಟಿ ಹಿಂದೆ ತಿರುಗಿ ನೋಡಿದಾಗ ಉಳಿದವರು ಅರ್ಧಕ್ಕೂ ಬಂದಿರಲಿಲ್ಲ. ಊರವರು ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಒಂದೇ ರೀತಿಯ ಸ್ಟೀಲ್ ಡಬ್ಬಿ ಕೊಟ್ಟೆವು. ಆ ಹುಡುಗಿ ಡಬ್ಬಿ ತೆಗೆದುಕೊಂಡು ನನ್ನ ಮುಖ ನೋಡಿದ ರೀತಿ ಹೊಗಳಿಕೆಯದ್ದಾಗಿರಲಿಲ್ಲ. ತನ್ನ ತರಗತಿಯ ಹುಡುಗಿಯರ ಜೊತೆ ತನ್ನನ್ನು ಯಾಕೆ ಓಡಿಸಲಿಲ್ಲ ಎಂಬುದು ಅವಳ ಪ್ರಶ್ನೆ. ಕೈಸನ್ನೆ ಗೊತ್ತಿಲ್ಲದ ನನಗೂ ಅದು ಅರ್ಥವಾಯಿತು.

ನಮ್ಮ ತಾಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ. ಎಂದು ಕರೆಯುತ್ತೇವಲ್ಲ, ಅವರು ಒಂದು ದಿನ ನನ್ನನ್ನು ಕೂರಿಸಿಕೊಂಡು ಸರಳವಾಗಿ ಹೇಳಿದರು: "ಟೀಚರೇ, ಅಂಗವಿಕಲತೆ ಎನ್ನುವುದು ಒಂದು ತರಗತಿಯ ಹೆಸರಲ್ಲ." 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಗಳಿವೆ. ಕುರುಡು, ಕಿವುಡು, ಚಲನೆಯ ತೊಂದರೆ ಮಾತ್ರವಲ್ಲ, ಆಟಿಸಂ, ಹಿಮೋಫಿಲಿಯಾ, ತಲಸ್ಸೇಮಿಯಾ ಎಲ್ಲವೂ ಸೇರಿವೆ. ಇವರೆಲ್ಲರನ್ನೂ ಒಂದು ಗೆರೆಯ ಹಿಂದೆ ನಿಲ್ಲಿಸಿ ಸೀಟಿ ಊದುವುದು ಆಟವಲ್ಲ. ಅದೇ ಕಾಯಿದೆಯ 16ನೆಯ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಪಾಠದಲ್ಲಿ ಮಾತ್ರವಲ್ಲ, ಆಟೋಟದಲ್ಲೂ ಈ ಮಕ್ಕಳಿಗೆ ಇತರರಿಗೆ ಸಮಾನವಾದ ಅವಕಾಶ ಕೊಡಬೇಕು. ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಪೋಷಕರು ಇದನ್ನು ದಯವಿಟ್ಟು ನೆನಪಿಡಿ. ಪಿಂಚಣಿಗೆ, ವಿದ್ಯಾರ್ಥಿವೇತನಕ್ಕೆ ಶೇ. 40ರ ಪ್ರಮಾಣಪತ್ರ ಕೇಳುತ್ತಾರೆ. ಮೈದಾನಕ್ಕೆ ಇಳಿಯಲು ಯಾವ ಶೇಕಡಾವಾರೂ ಬೇಡ.

ಮೂರನೆಯ ವರ್ಷ ನಾವು ಬೇರೆ ರೀತಿ ಹೊರಟೆವು. ಪ್ರತಿ ಮಗುವನ್ನೂ ಬೇರೆಬೇರೆಯಾಗಿ ನೋಡಿ, ಏನು ಬದಲಾಯಿಸಿದರೆ ಈ ಮಗು ಆಡಬಹುದು ಎಂದು ಕೇಳಿಕೊಂಡೆವು. ಕೆಲವರಿಗೆ ಬದಲಾವಣೆ ತೀರ ಸಣ್ಣದು. ಕಿವಿ ಕೇಳದ ಹುಡುಗಿಗೆ ಬೇಕಾದದ್ದು ಒಂದು ಕೆಂಪು ಬಾವುಟ ಮಾತ್ರ. ಸೀಟಿ ಊದುವಾಗಲೇ ಬಾವುಟ ಕೆಳಗಿಳಿಸಬೇಕು, ಅದು ಅವಳಿಗೆ ತಲೆ ಎತ್ತದೆ ಕಾಣುವ ಜಾಗದಲ್ಲಿರಬೇಕು, ಅಷ್ಟೆ. ಕಿವುಡರಿಗೆ ಪ್ರತ್ಯೇಕ ಒಲಿಂಪಿಕ್ಸ್ 1924ರಲ್ಲೇ ಪ್ಯಾರಿಸ್‌ನಲ್ಲಿ ಶುರುವಾಗಿತ್ತು. ಇಂದು ಡೆಫ್‌ಲಿಂಪಿಕ್ಸ್ ಎನ್ನುತ್ತಾರೆ. ಅಲ್ಲಿ ಓಟ ಶುರುವಾಗುವುದಕ್ಕೆ ಬೆಳಕಿನ ಸಂಕೇತ ಬಳಸುತ್ತಾರೆ. ನಮ್ಮಲ್ಲಿ ದರ್ಜಿಯ ಅಂಗಡಿಯಿಂದ ತಂದ ಕೆಂಪು ಬಟ್ಟೆಯ ತುಂಡು. ಆ ವರ್ಷ ಅವಳು ನೂರು ಮೀಟರ್ ಓಟದಲ್ಲಿ ತನ್ನ ತರಗತಿಯವರ ಜೊತೆ ಓಡಿ ಎರಡನೆಯವಳಾದಳು. ಮೊದಲನೆಯ ಸ್ಥಾನ ತಪ್ಪಿತೆಂದು ಗೋಡೆಗೆ ಮುಖ ಮಾಡಿ ಅತ್ತಳು. ಟೀಚರುಗಳೆಲ್ಲ ಸಮಾಧಾನ ಮಾಡಲು ಹೋದರು. ನನಗೆ ಮಾತ್ರ ಒಳಗೊಳಗೇ ಸಂತೋಷ. ಸೋತು ಅಳುವುದಕ್ಕೂ ಒಂದು ನಿಜವಾದ ಸ್ಪರ್ಧೆ ಬೇಕಲ್ಲವೇ?

ಕಣ್ಣು ಕಾಣದ ಹುಡುಗನ ವಿಷಯ ಅಷ್ಟು ಸಲೀಸಾಗಲಿಲ್ಲ. ಪೂರ್ತಿ ಕಾಣದ ಓಟಗಾರರು ಜೊತೆಗಾರನೊಂದಿಗೆ ಓಡುತ್ತಾರೆ. ಇಬ್ಬರ ಕೈಗೂ ಒಂದು ಚಿಕ್ಕ ಹಗ್ಗ. ಜೊತೆಗಾರ ಎಳೆಯುವ ಹಾಗಿಲ್ಲ, ದೂಡುವ ಹಾಗಿಲ್ಲ, ಗೆರೆಯನ್ನು ಓಟಗಾರನಿಗಿಂತ ಮೊದಲು ದಾಟುವ ಹಾಗೂ ಇಲ್ಲ. ಇದು ಅಂತರರಾಷ್ಟ್ರೀಯ ನಿಯಮ. ಓದಿ ತಿಳಿದುಕೊಂಡಿದ್ದೆ, ಆದರೆ ಜೊತೆಗಾರನನ್ನು ಆರಿಸುವುದರಲ್ಲಿ ಎಡವಿದೆ. ಶಾಲೆಯಲ್ಲೇ ಅತಿ ವೇಗದ ಹುಡುಗನನ್ನು ಕೊಟ್ಟೆ. ಅವನಿಗೆ ಗೆಲ್ಲುವ ಆತುರ. ಅಭ್ಯಾಸದ ಎರಡನೆಯ ದಿನವೇ ಎಳೆದುಕೊಂಡು ಓಡಿದ, ನಮ್ಮ ಹುಡುಗ ಮುರಕಲ್ಲಿನ ಜಲ್ಲಿಯ ಮೇಲೆ ಬಿದ್ದು ಎರಡೂ ಮಂಡಿ ಕಿತ್ತುಹೋಯಿತು.

ಮರುದಿನ ತಂದೆ ಬಂದರು. ಮೀನು ಮಾರುಕಟ್ಟೆಯಲ್ಲಿ ದುಡಿಯುವವರು, ಕೆಲಸ ಬಿಟ್ಟು ಬಂದಿದ್ದರು. "ಕಣ್ಣು ಕಾಣದ ಮಗುವನ್ನು ಓಡಿಸುತ್ತೀರಾ ಟೀಚರೇ? ನಿಮ್ಮ ಮಗುವಾಗಿದ್ದರೆ ಓಡಿಸುತ್ತಿದ್ದಿರಾ? ಇನ್ನು ಕಳಿಸುವುದಿಲ್ಲ" ಎಂದರು. ಜೋರು ಮಾಡಲಿಲ್ಲ. ಮೆಲ್ಲನೆ ಹೇಳಿದ್ದರಿಂದಲೇ ನನಗೆ ಹೆಚ್ಚು ನಾಟಿತು. ತಪ್ಪಾಯಿತು ಎಂದೆ. ಆ ವಾರ ಅವನು ಶಾಲೆಗೆ ಬರಲಿಲ್ಲ. ಸೋಮವಾರ ಬಂದ, ಮಂಡಿಗೆ ಬ್ಯಾಂಡೇಜು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಟೀಚರ್, ಅವನು ಬೇಡ, ನನ್ನ ಬೆಂಚಿನವನು ಸಾಕು. ಅವನು ನಿಧಾನ, ಆದರೆ ನಾನು ಹೇಳಿದ್ದು ಕೇಳುತ್ತಾನೆ" ಎಂದ. ಅವನು ಆರಿಸಿದ ಹುಡುಗ ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ತಂದೆಯನ್ನು ಒಪ್ಪಿಸಿದವನೂ ಮಗನೇ. ನಾನು ಮಾಡಿದ್ದು ಇಷ್ಟೆ: ಗೆರೆಯ ಮೇಲಿನ ಜಲ್ಲಿ ಗುಡಿಸಿಸಿದೆ, ಓಟವನ್ನು ಐವತ್ತು ಮೀಟರಿಗೆ ಇಳಿಸಿದೆ, ಗೆರೆಯ ಆಚೆ ಇನ್ನೂ ಇಪ್ಪತ್ತು ಮೀಟರ್ ಖಾಲಿ ಬಿಡಿಸಿದೆ. ಓಡುವವನಿಗೆ ಗೆರೆ ಕಾಣುವುದಿಲ್ಲ, ದಾಟಿದ ಮೇಲೂ ನಾಲ್ಕು ಹೆಜ್ಜೆ ಓಡುತ್ತಾನೆ ಎಂಬುದು ಹಿಂದಿನ ಸಲ ನನಗೆ ಹೊಳೆದಿರಲಿಲ್ಲ.

ಅವನು ಓಡಿ ಮುಗಿಸುವವರೆಗೆ ಮೈದಾನದಲ್ಲಿ ಯಾರೂ ಕೂಗಬಾರದೆಂದು ಮೈಕಿನಲ್ಲಿ ಹೇಳಿದೆವು, ಜೊತೆಗಾರನ ಮಾತು ಕೇಳಿಸಬೇಕಲ್ಲ. ನಾನೂರು ಮಕ್ಕಳು ಉಸಿರು ಹಿಡಿದು ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಣಿತ ಪರೀಕ್ಷೆಯಲ್ಲೂ ಅಷ್ಟು ಮೌನ ಇರುತ್ತಿರಲಿಲ್ಲ.

ಇನ್ನೊಬ್ಬ ಹುಡುಗ. ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುವ ಕಾಯಿಲೆ. ನಾಲ್ಕನೆಯ ತರಗತಿಯಲ್ಲಿ ನಡೆಯುತ್ತಿದ್ದವನು ಏಳಕ್ಕೆ ಬರುವಾಗ ಗಾಲಿಕುರ್ಚಿಯಲ್ಲಿದ್ದ. ಈ ಮಕ್ಕಳನ್ನು ಹುರಿದುಂಬಿಸಿ ದಣಿಸಿದರೆ ಸ್ನಾಯುಗಳಿಗೆ ಕೇಡಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಅವನಿಗಾಗಿ ಬೋಚಿಯಾ ಎಂಬ ಆಟ ಕಲಿತೆವು. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಆಟ. ನಮ್ಮ ಗೋಲಿ ಆಟದ ಅಣ್ಣ ಎನ್ನಬಹುದು. ಬಿಳಿ ಚೆಂಡೊಂದನ್ನು ಮುಂದೆ ಬಿಡುತ್ತಾರೆ. ಒಬ್ಬರಿಗೆ ಆರು ಕೆಂಪು, ಇನ್ನೊಬ್ಬರಿಗೆ ಆರು ನೀಲಿ ಚೆಂಡು. ಬಿಳಿ ಚೆಂಡಿನ ಹತ್ತಿರ ಯಾರದು ನಿಲ್ಲುತ್ತದೋ ಅವರಿಗೆ ಅಂಕ. ಕೈಯಿಂದ ಎಸೆಯಲಾಗದವರು ಇಳಿಜಾರಾದ ದೋಣಿಯಂಥ ಸಾಧನದಲ್ಲಿ ಚೆಂಡು ಬಿಡಬಹುದು. ನಾವು ಹಳೆಯ ಕಾಲುಚೀಲಗಳಲ್ಲಿ ಹೆಸರುಕಾಳು ತುಂಬಿ ಹೊಲಿದು ಚೆಂಡು ಮಾಡಿದೆವು. ಅವು ಉರುಳದೆ ಸಿಕ್ಕಿಕೊಂಡಾಗ ಬಟ್ಟೆ ಸುತ್ತಿದ ರಬ್ಬರ್ ಚೆಂಡಿಗೆ ಬದಲಾಯಿಸಿದೆವು. ಪ್ಲಂಬರ್ ಒಬ್ಬರು ದಪ್ಪದ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿಕೊಟ್ಟರು. ಆಡುವವರೆಲ್ಲ ಕುರ್ಚಿಯಲ್ಲಿ ಕುಳಿತೇ ಆಡಬೇಕೆಂಬುದು ನಾವೇ ಮಾಡಿದ ನಿಯಮ. ಹುಡುಗ ಸಹಪಾಠಿಗಳನ್ನೆಲ್ಲ ಸೋಲಿಸಿ, ಕೊನೆಗೆ ಹೆಡ್ ಮಾಸ್ಟರನ್ನೂ ಸೋಲಿಸಿದ. ಹೆಡ್ ಮಾಸ್ಟರು ಬೇಕೆಂದೇ ಸೋತರು ಎಂದು ಯಾರೋ ಹೇಳಿದ್ದಕ್ಕೆ ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆ ಹುಡುಗ ಈಗ ನಮ್ಮ ನಡುವೆ ಇಲ್ಲ. ಪೈಪು ಅವರ ಮನೆಯ ಅಟ್ಟದಲ್ಲಿದೆ. ಹೋದಾಗಲೆಲ್ಲ ತಂದೆ ತೋರಿಸುತ್ತಾರೆ.

ಈಗ ಸ್ವಲ್ಪ ಬೇಸರದ, ಆದರೆ ಮುಖ್ಯವಾದ ವಿಷಯ. ಗಾಲಿಕುರ್ಚಿಯ ಒಬ್ಬಳು ಹುಡುಗಿ ಕ್ರೀಡಾಕೂಟದ ದಿನ ತಲೆ ಸುತ್ತಿ ಬಂದು ಒರಗಿದಳು. ಬಿಸಿಲು ಎಂದುಕೊಂಡೆವು. ಕೇಳಿದಾಗ ಗೊತ್ತಾಯಿತು, ಬೆಳಗ್ಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆಂದರೆ ಶೌಚಾಲಯಕ್ಕೆ ಎರಡು ಮೆಟ್ಟಿಲು. ನೀರು ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಯಾರನ್ನಾದರೂ ಕರೆಯಬೇಕಾಗುತ್ತದೆ. ಅವಳು ಐದು ವರ್ಷದಿಂದ ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಐದು ವರ್ಷ ಅವಳಿಗೆ ಪಾಠ ಮಾಡಿದ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷ ನಾವು ಪದಕ, ಶಾಮಿಯಾನಕ್ಕಿಂತ ಮೊದಲು ಇಳಿಜಾರು ಕಟ್ಟಿಸಿದೆವು. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಜಾಗ ಇಲ್ಲವೆಂದು ನಾಲ್ಕಡಿಗೆ ಮುಗಿಸಿದರೆ ಅದು ಇಳಿಜಾರಲ್ಲ, ಜಾರುಬಂಡಿ. ಅಂಥವು ನಮ್ಮ ಎಷ್ಟೋ ಕಟ್ಟಡಗಳ ಎದುರು ಇವೆ. ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಮರಳಿನಲ್ಲಿ, ಜಲ್ಲಿಯಲ್ಲಿ ಹೂತುಹೋಗುತ್ತದೆ. ಆದ್ದರಿಂದ ಅಂಥ ಮಕ್ಕಳ ಆಟಗಳನ್ನು ಪ್ರಾರ್ಥನೆ ನಡೆಯುವ ಸಿಮೆಂಟ್ ಅಂಗಳಕ್ಕೆ ತಂದೆವು. ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಹನ್ನೊಂದೂವರೆಯೊಳಗೆ ಮುಗಿಸುತ್ತಿದ್ದೆವು. ಅತಿಥಿಗಳ ಭಾಷಣ ಕೊನೆಗೆ. ಇದರಿಂದ ಕೆಲವು ಅತಿಥಿಗಳಿಗೆ ಬೇಸರವಾಗಿದೆ, ಆಗಲಿ.

ಗಲಾಟೆಯ ವಿಷಯವೂ ಇದೆ. ಆಟಿಸಂ ಇರುವ ಮಗುವಿಗೆ ಮೈಕು, ಬಲೂನು ಒಡೆಯುವ ಸದ್ದು, ಬ್ಯಾಂಡು ಎಲ್ಲ ಒಟ್ಟಿಗೆ ತಡೆಯಲಾಗುವುದಿಲ್ಲ. ಬಲೂನು ನಿಲ್ಲಿಸಿದೆವು, ಸ್ಪೀಕರ್ ತಿರುಗಿಸಿ ಇಟ್ಟೆವು, ಒಂದು ಕೋಣೆಯನ್ನು ಶಾಂತವಾಗಿ ಬಿಟ್ಟೆವು. ಯಾವುದರ ನಂತರ ಯಾವುದು ಎಂದು ಚಿತ್ರ ಬರೆದ ಹಾಳೆ ಅವನಿಗೆ ಮೂರು ದಿನ ಮೊದಲೇ ಕೊಟ್ಟೆವು. ಆದರೂ ಅವನು ಯಾವ ಆಟಕ್ಕೂ ಬರಲಿಲ್ಲ. ಎಲ್ಲರೂ ಹೋದ ಮೇಲೆ ಸುಣ್ಣದ ಗೆರೆಯ ಮೇಲೆಯೇ ಹೆಜ್ಜೆಯಿಟ್ಟು ಮೈದಾನಕ್ಕೆ ಆರು ಸುತ್ತು ನಡೆದ. ಎಣಿಸಿದವಳು ಅವನ ಅಕ್ಕ. ರಿಜಿಸ್ಟರಿನಲ್ಲಿ ಆರು ಸುತ್ತು ಎಂದೇ ಬರೆದಿದ್ದೇನೆ.

ಅಕ್ಕ ಎಂದಾಗ ನೆನಪಾಯಿತು. ಇಂಥ ಮಕ್ಕಳ ಅಕ್ಕ ತಂಗಿಯರು ಕ್ರೀಡಾಕೂಟದ ದಿನ ತಮ್ಮನನ್ನು ನೋಡಿಕೊಳ್ಳಲೆಂದು ತಮ್ಮ ಓಟ ಬಿಡುತ್ತಾರೆ. ಯಾರೂ ಹೇಳದಿದ್ದರೂ ಬಿಡುತ್ತಾರೆ. ಆ ಒಂದು ಗಂಟೆಗೆ ಒಬ್ಬ ಶಿಕ್ಷಕರನ್ನು ಹೆಸರು ಹಾಕಿ ನೇಮಿಸಿ.

ಬಹುಮಾನದ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಜಗಳವೇ ಆಗಿತ್ತು. ಎಲ್ಲರಿಗೂ ಸಮಾಧಾನಕರ ಬಹುಮಾನ ಕೊಡೋಣ ಎಂದು ಒಂದು ಪಕ್ಷ. ನಾನು ಒಪ್ಪಲಿಲ್ಲ. ಕೊನೆಗೆ ಮಾಡಿದ್ದು ಹೀಗೆ: ಗುಂಡೆಸೆತ, ಚೆಂಡೆಸೆತ, ನಿಂತಲ್ಲಿಂದ ಜಿಗಿತದಂಥ ಆಟಗಳಲ್ಲಿ ಪ್ರತಿ ಮಗುವಿನ ಅಳತೆಯನ್ನು ಒಂದು ತಿಂಗಳು ಮೊದಲು ಬರೆದಿಡುವುದು. ಕ್ರೀಡಾಕೂಟದ ದಿನ ಅದಕ್ಕಿಂತ ಎಷ್ಟು ಮುಂದೆ ಹೋದರೋ ಅದರ ಅಂಕ ಅವರ ತಂಡಕ್ಕೆ. ನಮ್ಮಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಎಂದು ನಾಲ್ಕು ತಂಡ. ಸೆರೆಬ್ರಲ್ ಪಾಲ್ಸಿಯ ಹುಡುಗ ಮೊದಲ ಸಲ ಎಸೆದದ್ದು ಎರಡು ಮೀಟರ್ ಹತ್ತು ಸೆಂಟಿಮೀಟರ್. ಅವನ ಅಂಕದಿಂದ ಹಸಿರು ತಂಡ ಗೆಲ್ಲಬಹುದೆಂದು ಗೊತ್ತಾದ ಮೇಲೆ, ಅದುವರೆಗೆ ಅವನ ಹತ್ತಿರ ಕೂರದಿದ್ದ ಹುಡುಗರು ಸಂಜೆ ಅವನನ್ನು ಕೈ ಹಿಡಿದು ಮೈದಾನಕ್ಕೆ ಕರೆದುಕೊಂಡು ಹೋಗತೊಡಗಿದರು. ಸ್ವಾರ್ಥ ಎನ್ನಿ. ಕರುಣೆಯ ಬಗ್ಗೆ ನಾನು ತರಗತಿಯಲ್ಲಿ ಮಾಡಿದ ಪಾಠಗಳಿಗಿಂತ ಆ ಸ್ವಾರ್ಥ ಹೆಚ್ಚು ಕೆಲಸ ಮಾಡಿತು. ಆ ವರ್ಷ ಹಸಿರು ತಂಡ ಗೆಲ್ಲಲಿಲ್ಲ, ಹೇಳಿಬಿಡುತ್ತೇನೆ.

ನಮ್ಮ ರಾಜ್ಯದ ಸಾಧಕರ ಹೆಸರು ನಿಮಗೆ ಗೊತ್ತು. ಮಾಲತಿ ಹೊಳ್ಳ ಅವರು, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಗಿರೀಶ, ಅದೇ ವರ್ಷ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ. ಮಕ್ಕಳಿಗೆ ಇವರ ಕಥೆ ಹೇಳಿ. ಆದರೆ ನಿಮ್ಮ ಮಗುವೂ ಪದಕ ತರಬೇಕೆಂಬ ಹೊರೆ ಹೊರಿಸಬೇಡಿ. ಉಳಿದ ಮಕ್ಕಳೂ ಆಡುವುದು ಪದಕಕ್ಕಾಗಿ ಅಲ್ಲವಲ್ಲ.

ತಂದೆ ತಾಯಂದಿರಿಗೆ ಎರಡು ಮಾತು. ಕ್ರೀಡಾಕೂಟದ ಸುತ್ತೋಲೆ ಬಂದಾಗ ಮಗುವನ್ನು ಅಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನೀವಾಗಿಯೇ ಶಾಲೆಗೆ ಹೋಗಿ. ಯಾವ ಔಷಧಿ, ಫಿಟ್ಸ್ ಬರುತ್ತದೆಯೇ, ಬಂದರೆ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೂಳೆಯ ಕೀಲು ಸಡಿಲವಿರುತ್ತದೆ. ವೈದ್ಯರನ್ನು ಕೇಳದೆ ಲಾಗ ಹಾಕಿಸಬಾರದು ಎಂಬಂಥದ್ದು ಶಿಕ್ಷಕರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. ಏನು ಮಾಡಬಾರದೆಂದು ಹೇಳಿದ ಮೇಲೆ, ಮಗು ಮನೆಯಲ್ಲಿ ಯಾವ ಆಟ ಆಡುತ್ತದೆ ಎಂದೂ ಹೇಳಿ.

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚ. ಮನೆಯಲ್ಲಿ ಮದುವೆಗೆ ಬೆಳೆದ ಅಕ್ಕ ಇದ್ದಾಳೆ, ತಮ್ಮ ಹೀಗಿದ್ದಾನೆಂದು ಊರವರಿಗೆ ಗೊತ್ತಾದರೆ ಸಂಬಂಧ ತಪ್ಪುತ್ತದೆ ಎಂದು ಮಗುವನ್ನು ಹೊರಗೆ ತರದ ಮನೆಗಳಿಗೆ ನಾನು ಹೋಗಿದ್ದೇನೆ. ಎಲ್ಲ ಜಾತಿ, ಎಲ್ಲ ಧರ್ಮದವರ ಮನೆಗಳಲ್ಲೂ ಇದನ್ನು ಕಂಡಿದ್ದೇನೆ. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ಹೆದರಿಕೆ ಸುಳ್ಳಲ್ಲ, ಹಾಗೆ ತಪ್ಪಿದ ಸಂಬಂಧಗಳನ್ನೂ ನೋಡಿದ್ದೇನೆ. ಅದಕ್ಕೇ ಈ ಮಾತನ್ನು ಅವರಿಗಿಂತ ಹೆಚ್ಚಾಗಿ ಹೆಣ್ಣು ನೋಡಲು ಹೋಗುವವರಿಗೆ ಹೇಳುತ್ತಿದ್ದೇನೆ. ನೀವು ಈ ಸಭೆಯಲ್ಲೇ ಇದ್ದೀರಿ.

ದಾನಿಗಳಿಗೆ ಒಂದು ಲೆಕ್ಕ ಕೊಡುತ್ತೇನೆ, ಗಣಿತದವಳಲ್ಲವೇ. ನಮ್ಮ ಕ್ರೀಡಾಕೂಟಗಳಲ್ಲಿ ಚೆಂಡು, ಹಗ್ಗ, ಬಾವುಟ, ಪೈಪು ಇವಕ್ಕೆ ಆದ ಖರ್ಚು ಹೇಳಿಕೊಳ್ಳುವಷ್ಟಿಲ್ಲ. ಹೆಚ್ಚು ಹೋದದ್ದು ಆಟೋ ಬಾಡಿಗೆಗೆ. ಮನೆಯಲ್ಲೇ ಕಲಿಯುವ, ವಾರಕ್ಕೊಮ್ಮೆ ಶಿಕ್ಷಕರು ಹೋಗಿ ಪಾಠ ಹೇಳಿಬರುವ ಮಕ್ಕಳಿದ್ದಾರೆ. ಅವರು ವರ್ಷಕ್ಕೊಮ್ಮೆಯಾದರೂ ಮೈದಾನ ನೋಡಬೇಕಾದರೆ ಆಟೋ ಬೇಕು, ಎತ್ತಿ ಕೂರಿಸಲು ಒಬ್ಬ ಸಹಾಯಕ ಬೇಕು, ಅಭ್ಯಾಸದ ದಿನಗಳಿಗೂ ಬೇಕು. ಗಾಲಿಕುರ್ಚಿ ದಾನ ಕೊಡುವವರು ಸಿಗುತ್ತಾರೆ. ಫೋಟೋ ಬರುತ್ತದೆ, ಒಳ್ಳೆಯದೇ. ಎರಡನೆಯ ವರ್ಷ ಅದರ ಟಯರು, ಬ್ರೇಕು ಹಾಳಾದಾಗ ರಿಪೇರಿಗೆ ಕೊಡುವವರು ಸಿಗುವುದಿಲ್ಲ. ಮಗು ಬೆಳೆದು ಕುರ್ಚಿ ಚಿಕ್ಕದಾಗುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಟ್ರಸ್ಟಿನವರು ಮುಂದಿನ ವರ್ಷದ ಅರ್ಜಿ ನಮೂನೆಯಲ್ಲಿ ಪ್ರಯಾಣ, ಸಹಾಯಕ, ಸಲಕರಣೆ ರಿಪೇರಿ ಎಂದು ಒಂದು ಕಲಂ ಸೇರಿಸಲು ಸಾಧ್ಯವೇ ಎಂದು ಅಧ್ಯಕ್ಷರನ್ನು ಈ ವೇದಿಕೆಯಿಂದಲೇ ಕೇಳುತ್ತಿದ್ದೇನೆ. ಶುಲ್ಕಕ್ಕಷ್ಟೇ ಕೊಟ್ಟರೆ ಮಗು ಶಾಲೆಯ ಗೇಟಿನವರೆಗೆ ಬರುತ್ತದೆ. ಒಳಗೆ ಎರಡು ಮೆಟ್ಟಿಲು ಇದ್ದೇ ಇರುತ್ತವೆ.

ಚಪ್ಪಲಿ ಕಾದ ಹುಡುಗನ ವಿಷಯ ಬಾಕಿ ಉಳಿಯಿತು. ಎಂಟನೆಯ ತರಗತಿಗೆ ಬೇರೆ ಶಾಲೆಗೆ ಹೋಗುವ ಮೊದಲು ಅವನು ನಮ್ಮಲ್ಲಿ ಒಂದು ವರ್ಷ ಕುಳಿತು ಗುಂಡೆಸೆದ, ಮೂರನೆಯ ಸ್ಥಾನ ಬಂತು. ಈಗ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಭಾಷಣಕ್ಕೆ ಬರುವ ಮೊದಲು ಅವನನ್ನು ಕಂಡು, ಆ ದಿನದ ಕಥೆ ಹೇಳಲೇ ಎಂದು ಕೇಳಿದೆ. "ಹೇಳಿ ಟೀಚರ್, ಹೆಸರು ಬೇಡ" ಎಂದ. ಆಮೇಲೆ, "ಅಂದು ಒಂದು ಜೊತೆ ಚಪ್ಪಲಿ ಕಳೆದುಹೋಗಿತ್ತು, ನಿಮಗೆ ಹೇಳಿರಲಿಲ್ಲ" ಎಂದು ನಕ್ಕ.

ಮಕ್ಕಳ ಹೆಸರು ಕರೆಯುವ ಹೊತ್ತಾಯಿತು. ಗಾಲಿಕುರ್ಚಿಯಲ್ಲಿ ಬಂದವರು ವೇದಿಕೆ ಹತ್ತಬೇಕಾಗಿಲ್ಲ, ಚೆಕ್ ಕೊಡುವವರೇ ಕೆಳಗೆ ಇಳಿದು ಬರುತ್ತಾರೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ.